ಒಳಸುತ್ತು

ಇನ್ನೂರ ನಲವತ್ತು ಸ್ಲೀವು ವಾಪಸು ಬಂದಿವೆ.
ಹಾಸನದ ಕೈಗಾರಿಕಾ ವಸಾಹತು, ನಮ್ಮ ಶೆಡ್ಡಿನ ಬಾಗಿಲಲ್ಲಿ
ಟೆಂಪೋದವನು ಇಳಿಸಿಹೋದ ಎಂಟು ಪೆಟ್ಟಿಗೆ,
ಮೇಲೆ ಕೆಂಪು ಚೀಟಿ: ಪಿಸ್ಟನ್ ಒಳಗೆ ಹೋಗುತ್ತಿಲ್ಲ.

ಹೋಗುತ್ತಿಲ್ಲ ಅಂದರೆ?
ಒಂದೊಂದನ್ನೂ ನಾನೇ ನೋಡಿ ಕಳಿಸಿದ್ದು.
ನಲವತ್ತೆರಡು ಮಿಲಿಮೀಟರು, ಮೇಲೆ ಇಪ್ಪತ್ತೈದು ಮೈಕ್ರಾನಿನ ಸಲಿಗೆ.
ಡಯಲ್ ಬೋರ್ ಗೇಜು ಒಳಗಿಳಿಸಿ, ತೊಟ್ಟಿಲಿನಂತೆ ತೂಗಿ,
ಮುಳ್ಳು ಹಿಂದಕ್ಕೆ ತಿರುಗುವ ಜಾಗ ಓದಿ,
ಕಮರುನ್ನೀಸಾ ಅಂತ ರುಜು ಹಾಕಿದ್ದೇನೆ.

ಇವತ್ತು ಮತ್ತೆ ಇಳಿಸಿದೆ. ಹನ್ನೆರಡು.
ಹೇಗೆ ತಿರುಗಿಸಿದರೂ ಹನ್ನೆರಡು.
ಮುಳ್ಳಿಗೆ ಅನುಮಾನವೇ ಇಲ್ಲ.

ಧರಣೇಂದ್ರಪ್ಪನವರು ಏಜೆಂಟನನ್ನು ಕರೆಸಿದರು.
ಮಖಮಲ್ಲಿನ ಪೆಟ್ಟಿಗೆ ಬಿಚ್ಚಿದ, ಒಡವೆ ಅಂಗಡಿಯವನ ಗತ್ತು.
ಟೆಲಿಸ್ಕೋಪಿಕ್ ಗೇಜು: ಅಗ್ಗ, ಆದರೆ ಹಿಡಿದವರ ಕೈ ಹೇಳಿದ್ದೇ ಅಳತೆ.
ಏರ್ ಗೇಜು: ಗಾಳಿಯಲ್ಲೇ ಅಳೆಯುತ್ತದೆ, ಮೈ ಮುಟ್ಟುವುದಿಲ್ಲ.
ನಮ್ಮ ಕಂಪ್ರೆಸರಿನ ಗಾಳಿಯಲ್ಲಿ ನೀರೂ ಬರುತ್ತೆ ಅಂದೆ. ಮುಚ್ಚಿಟ್ಟ.
ಕೊನೆಗೆ ಮೂರು ಕಾಲಿನದು, ಡಿಜಿಟಲ್, ಜೊತೆಗೊಂದು ಸೆಟ್ಟಿಂಗ್ ರಿಂಗು.
ಬೆಲೆ ಕೇಳಿ ಧರಣೇಂದ್ರಪ್ಪ
ಕನ್ನಡಕ ತೆಗೆದು ಒರೆಸಿಕೊಂಡರು.

ನನಗೆ ಅಮ್ಮಿಯ ನೆನಪು, ಪೆನ್‌ಷನ್ ಮೊಹಲ್ಲಾದ ಬಳೆ ಅಂಗಡಿ.
ಎರಡು ನಾಲ್ಕೋ ಎರಡು ಆರೋ, ಅಳತೆಕೋಲು ಮುಟ್ಟಿದವಳಲ್ಲ.
ಗೆಣ್ಣು ಒತ್ತಿ ನೋಡಿ,
"ಬಳೆ ಗುಂಡಗಿದೆಯಾ ಅಂತ ಬಳೆಯನ್ನ ಕೇಳಬೇಡ,
ಹಾಕ್ಕೊಳ್ಳೋ ಕೈಯನ್ನ ಕೇಳು" ಅನ್ನೋಳು.

ಡ್ರಾಯರಿನ ತಳದಲ್ಲಿ ಗ್ರೀಸು ಮೆತ್ತಿದ ಪ್ಲಗ್ ಗೇಜು.
ಒಂದು ತುದಿ ಹೋಗಬೇಕು, ಇನ್ನೊಂದು ಹೋಗಬಾರದು,
ಅಂಕಿ ಗಿಂಕಿ ಏನಿಲ್ಲ.
ಒರೆಸಿ ತಂದೆ. ಹೋಗಬೇಕಾದ ತುದಿ
ಬಾಯಲ್ಲೇ ನಿಂತಿತು.

ಆಗ ಏಜೆಂಟನಿಂದ ಮೂರು ಕಾಲಿನದನ್ನು ಇಸಕೊಂಡೆ.
ರಿಂಗನ್ನೂ ಸ್ಲೀವನ್ನೂ ಕಲ್ಲಿನ ಮೇಲೆ ಅಕ್ಕಪಕ್ಕ ಕೂರಿಸಿದೆ,
ಬೆಳಗಿನ ಚಳಿ ಎರಡಕ್ಕೂ ಒಂದೇ ಆಗಲಿ ಅಂತ;
ಅಂಗೈ ಬಿಸಿಗೇ ಎರಡು ಮೈಕ್ರಾನು ಹಿಗ್ಗುವ ಜಾತಿ.
ಏಜೆಂಟ ಎರಡು ಸಲ ಕಾಫಿ ಕುಡಿದ.
ಓದಿದೆ: ಐದು ಕಡಿಮೆ.
ಅರವತ್ತು ಡಿಗ್ರಿ ತಿರುಗಿಸಿದೆ: ಇಪ್ಪತ್ತೊಂಬತ್ತು ಹೆಚ್ಚು.

ಮೂರು ಉಬ್ಬು, ಮೂರು ತಗ್ಗು.
ಪ್ರತಿ ಉಬ್ಬಿನ ಎದುರಿಗೆ ಸರಿಯಾಗಿ ಒಂದು ತಗ್ಗು,
ಎರಡು ಕಾಲಿನ ಗೇಜಿಗೆ ಕೂಡಿಸಿದರೆ ಲೆಕ್ಕ ಸರಿ.
ಅದು ಸುಳ್ಳು ಹೇಳಿಲ್ಲ,
ನಾನು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಿದೆ.

ಲೇತಿನ ಕಡೆ ನೋಡಿದೆ. ಜವರಯ್ಯನೂ ನೋಡುತ್ತಿದ್ದ.
ಚಕ್ಕಿನ ಮೂರು ದವಡೆ, ಸ್ಲೀವಿನ ತೆಳು ಗೋಡೆ.
ಹಿಡಿದಿದ್ದಾಗ ಕೊರೆದದ್ದು ಗುಂಡಗೇ ಇತ್ತು;
ಬಿಟ್ಟ ಮೇಲೆ, ಒತ್ತಿದ ಜಾಗವೇ ಹೊರಗುಬ್ಬಿದೆ.
"ಅವತ್ತು ಎಗರಿ ಮುಖಕ್ಕೇ ಬಂತಲ್ಲಮ್ಮ," ಅಂದ,
ಹುಬ್ಬಿನ ಗಾಯ ಮುಟ್ಟಿಕೊಂಡು.
"ಅಲ್ಲಿಂದ ಒಂದು ತಿರುವು ಜಾಸ್ತಿನೇ ಬಿಗೀತೀನಿ."

"ಹಾಗಾದ್ರೆ ಹಳೇ ಗೇಜು ಗುಜರಿಗಾ?" ಧರಣೇಂದ್ರಪ್ಪ ಕೇಳಿದರು.
ಬೇಡಿ ಸಾರ್, ನಾಳೆ ಬೋರು ಮೊಟ್ಟೆಯಾದರೆ
ಈ ಮೂರು ಕಾಲಿನದು ಕುರುಡು, ಹಳೇದಕ್ಕೇ ಕಣ್ಣು.
ಡಿಜಿಟಲ್ ಬಿಡಿ, ಗೆರೆ ಹಾಕಿದ್ದು ತರಿಸಿ,
ಗೆರೆ ಓದೋಕೆ ನನಗೆ ಬರುತ್ತೆ.
ಉಳಿದ ದುಡ್ಡಲ್ಲಿ ಜವರಯ್ಯಂಗೆ
ಸ್ಲೀವನ್ನ ಸುತ್ತಲೂ ತಬ್ಬಿ ಹಿಡಿಯೋ ಮೆತ್ತನೆ ದವಡೆ.
ಏಜೆಂಟ ಪೆಟ್ಟಿಗೆ ಮುಚ್ಚಿದ್ದು ಸ್ವಲ್ಪ ಜೋರಾಯಿತು.

ಸಂಜೆ ಸೈರನ್ ಆದ ಮೇಲೆ
ಕೈ ತೊಳೆದುಕೊಂಡು ಬಂದ ಜವರಯ್ಯ.
"ಒಟ್ಟು ಎಷ್ಟಂತೆ ವ್ಯತ್ಯಾಸ?"
ಮೂವತ್ತನಾಲ್ಕು ಮೈಕ್ರಾನು.
ಹೆಬ್ಬೆರಳು ತೋರುಬೆರಳು ಹತ್ತಿರ ತಂದ,
ಇನ್ನೂ ಹತ್ತಿರ ತಂದ,
ಬೆರಳು ಬೆರಳಿಗೆ ತಾಗಿತು.
ಹಾಗೇ ಹಿಡಿದುಕೊಂಡು
ಸೈಕಲ್ ಸ್ಟ್ಯಾಂಡಿನ ಕಡೆ ಹೋದ.